ಎಪ್ಪತ್ತೈದನೆಯ ಸಂಜೆ

ಹೊಸೂರಿನ ಬಾಗಲೂರು ರಸ್ತೆ. ಗುಲಾಬಿ ಪ್ಯಾಕಿಂಗ್ ಶೆಡ್ಡಿನ ಮಹಡಿಯಲ್ಲಿ
ಚೂಡಪ್ಪನ ಆಫೀಸು: ಎರಡು ಕುರ್ಚಿ, ಒಂದು ಪ್ರಿಂಟರು,
ಬೋರ್ಡಿನಲ್ಲಿ ತಮಿಳು ದೊಡ್ಡದು, ಇಂಗ್ಲಿಷು ಇನ್ನೂ ದೊಡ್ಡದು,
ಕನ್ನಡ ಅವನ ಬಾಯಲ್ಲಿ ಮಾತ್ರ.
"ನೀವು ನಮ್ಮೋರು" ಅಂದ.
ಅಲ್ಲೇ ನಾನು ಮನಸ್ಸಿನಲ್ಲಿ
ಮೊದಲ ಕೆಂಪು ಚುಕ್ಕೆ ಇಟ್ಟುಕೊಂಡೆ.

ಅಳೆಯುವುದು ನನ್ನ ಕಸುಬು.
ಸಿಪ್‌ಕಾಟಿನಲ್ಲಿ ಗೇರಿನ ಹಲ್ಲು, ಬೇರಿಂಗಿನ ಒಳಸುತ್ತು;
ಕೂದಲನ್ನು ಏಳಾಗಿ ಸೀಳಿದರೆ ಒಂದು ಸೀಳು,
ಅಷ್ಟು ಹೆಚ್ಚಾದರೂ ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇನೆ.
ಹದಿನಾಲ್ಕು ವರ್ಷವಾಯಿತು, ಯಾವ ತುಂಡೂ ನನ್ನ ಮುಂದೆ
"ನಂಬಿ ಮೇಡಂ" ಅಂದಿಲ್ಲ.

ಒಪ್ಪಂದ ಎರಡೇ ಹಾಳೆ.
ದಿನಕ್ಕೆ ಸಾವಿರದ ನಾನೂರು. ತಿಂಗಳು ತುಂಬಿದ ಮೇಲೆ ಬಿಲ್ಲು.
ಬಿಲ್ಲಾಗಿ ನಲವತ್ತೈದು ದಿನಕ್ಕೆ ದುಡ್ಡು.
ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ:
ಕಂಪನಿಯಿಂದ ಹಣ ಬಂದ ನಂತರ.

ಬಸ್ ಟಿಕೇಟಿನ ಬೆನ್ನ ಮೇಲೆ ಲೆಕ್ಕ ಹಾಕಿದೆ.
ಮೊದಲ ದಿನದ ಕೂಲಿ ಕೈಗೆ ಬರುವುದು
ಎಪ್ಪತ್ತೈದನೆಯ ಸಂಜೆ.
ಅಷ್ಟರಲ್ಲಿ ಅರವತ್ತೈದು ಹಾಜರಿ, ತೊಂಬತ್ತೊಂದು ಸಾವಿರ,
ಅಷ್ಟು ನಾನು ಅವನ ಡ್ರಾಯರಿನಲ್ಲಿ.
ಇದರ ಅರ್ಧ ನನಗೆ ಕೊಡಲು ಬ್ಯಾಂಕಿನವರು
ಜಾಮೀನು ಕೇಳಿದ್ದರು, ಅಪ್ಪನ ಹೆಸರು, ಗಂಡನ ಹೆಸರು,
ಗಂಡ ಇಲ್ಲ ಅಂದಾಗ ಇನ್ನೊಂದು ಜಾಮೀನು.
ಚೂಡಪ್ಪನಿಗೆ ಸಾಲ ಕೊಡುವ ನಾನು ಮಾತ್ರ
ಪೆನ್ನು ತೆಗೆದರೆ ಸಾಕಂತೆ.
ಕೊಟ್ಟವಳು ಕೋಡಂಗಿ, ಇಸ್ಕೊಂಡವನು ಈರಭದ್ರ.

ಹೋದ ವರ್ಷ ಧನಕೋಟಿ ಜೂಜುವಾಡಿಯ ಏಜೆನ್ಸಿಗೆ ಹೋದಾಗ
ಶಟರಿಗೆ ಬೀಗ, ಫೋನಿಗೂ ಬೀಗ.
ಎರಡು ತಿಂಗಳ ವೆಲ್ಡಿಂಗು ಒಳಗೆ.
ಈಗಲೂ ಆ ದಾರಿಯಲ್ಲಿ ಹೋದಾಗ
ಶಟರನ್ನು ಒಮ್ಮೆ ಒದೆಯುತ್ತಾನೆ. ಬಡ್ಡಿ, ಅನ್ನುತ್ತಾನೆ.

ಕೆಳಗಿಳಿದು ಪಚ್ಚಿಯಮ್ಮನ ಅಂಗಡಿಯಲ್ಲಿ ಟೀ ಕೇಳಿದೆ.
"ಮೇಲಿನವರ ಲೆಕ್ಕ ಹೆಂಗೆ?" ಅಂತಲೂ ಕೇಳಿದೆ.
ಎಣ್ಣೆ ಹತ್ತಿದ ನೋಟುಬುಕ್ಕು ತಿರುವಿದಳು.
"ಐದನೇ ತಾರೀಕು ತಪ್ಪಿಸ್ತಿರ್ಲಿಲ್ಲ.
ಆಡಿ ಕಳೆದ ಮೇಲೆ ಹತ್ತಾಯ್ತು, ಆಮೇಲೆ ಹದಿನೆಂಟು.
ಈ ಸಲ ಅರ್ಧ ಕೊಟ್ಟವ್ನೆ."
ಲೋಟ ತೊಳೆಯುತ್ತ ತಡೆದು ಹೇಳಿದಳು:
"ಹುಡುಗ್ರ ಸಂಬಳ ಮಾತ್ರ ನಿಲ್ಸಿಲ್ಲಮ್ಮ,
ಹೆಂಡ್ತಿ ಸರ ಅಡ ಇಟ್ಟು ಕೊಟ್ಟ."

ಇದನ್ನು ಯಾವ ಕಾಲಮ್ಮಿಗೆ ಬರೆಯಲಿ?
ಮೋಸಗಾರನಾಗಿದ್ದರೆ ಚೀಟಿ ಅಂಟಿಸಿ ಬಸ್ಸು ಹತ್ತುತ್ತಿದ್ದೆ.
ಬಿರುಕು ಬಿಟ್ಟ ಉಕ್ಕು ಉಳಿದವುಗಳ ಹಾಗೇ ಹೊಳೆಯುತ್ತದೆ,
ಬಣ್ಣ ಸುರಿದು ಒರೆಸಿದ ಮೇಲಷ್ಟೇ ಗೆರೆ ಕಾಣುವುದು.
ಈ ಟೀ ಆ ಬಣ್ಣ.
ಒಳ್ಳೆಯವನು, ಸರಿ. ಇನ್ನೊಂದು ಸರ ಇದೆಯೇ?

ಮತ್ತೆ ಮೆಟ್ಟಿಲು ಹತ್ತಿದೆ.
ಹದಿನೈದು ದಿನಕ್ಕೆ ಬಿಲ್ಲು, ಹದಿನೈದು ದಿನಕ್ಕೆ ದುಡ್ಡು,
ಇರುವೆ ಸಾಲನ್ನು ಹೊಡೆದುಹಾಕಿ,
ಒಂದು ದಿನ ತಪ್ಪಿದರೂ ಮರುದಿನ ನಾನು ಗೇಟು ದಾಟುವುದಿಲ್ಲ.
ಅವನು ಫ್ಯಾನು ನೋಡಿದ, ಫೋನು ನೋಡಿದ.
"ಹಂಗಾದ್ರೆ ಸಾವಿರದ ಮುನ್ನೂರು."

ಇಪ್ಪತ್ತಾರು ಹಾಜರಿ, ಮೂವತ್ಮೂರು ಸಾವಿರದ ಎಂಟುನೂರು.
ಚೀಟಿ ದುಡ್ಡು ಮೂವತ್ತೈದು ಇದೆ.
ಮುಳುಗಿದರೂ ಅಕ್ಕಿ ಡಬ್ಬದ ತಳ ಕಾಣುವುದಿಲ್ಲ.
ದಿನಕ್ಕೆ ನೂರು ಕೊಟ್ಟು ನಿದ್ದೆ ಕೊಂಡೆ.

ಸಹಿಯಾಗುವಾಗ ಎರಡು ಟೀ ಬಂತು.
ಚೂಡಪ್ಪ ಜೇಬು ತಟ್ಟಿಕೊಂಡು ಹುಡುಗನಿಗೆ "ಬರ್ಕೋ" ಅನ್ನುವಷ್ಟರಲ್ಲಿ
ಚಿಲ್ಲರೆ ನಾನೇ ಕೊಟ್ಟೆ.
ಬೇಡ ಅನ್ನಲಿಲ್ಲ ಅವನು. ನನ್ನ ಮುಖವನ್ನೂ ನೋಡಲಿಲ್ಲ.
ಕೆಳಗೆ ಗುಲಾಬಿ ಮೊಗ್ಗುಗಳಿಗೆ ರಟ್ಟು ಸುತ್ತುತ್ತಿದ್ದರು,
ಅರಳುವ ಮೊದಲೇ ಲಾರಿಗೇರಿ
ಅವೂ ಹೊರಟಿದ್ದವು, ಯಾರೋ ಕೊಡುವ ದುಡ್ಡಿನ ಭರವಸೆಗೆ.