ಕೋಣೆಯ ಬಿಸಿ ಕಳೆದು

ನನ್ನದು ಮೋಟರ್ ವೈಂಡಿಂಗ್ ಅಂಗಡಿ,
ಅರಸೀಕೆರೆ ಸ್ಟೇಷನ್ ರಸ್ತೆ,
ಜಬೀನಾಳ ಕಂಪ್ಯೂಟರ್ ಅಂಗಡಿಗೂ ನನಗೂ ನಡುವೆ ಅರ್ಧ ಗೋಡೆ.
ಸುಟ್ಟ ಪಂಪ್‌ಸೆಟ್ಟಿನ ವಾಸನೆ ಅವಳ ಕಡೆ ಹೋಗುತ್ತದೆ,
ಕೀಬೋರ್ಡಿನ ಟಕಟಕ ಈ ಕಡೆ.

ಏಪ್ರಿಲ್ ಎರಡನೇ ವಾರ ಗೋಡೆ ಮೇಲಿಂದ ತಲೆ ಹಾಕಿದಳು:
‘ಆಚಾರ್ರೇ, ನಿಮ್ಮ ಕಿವಿ ಸ್ವಲ್ಪ ಬೇಕಿತ್ತು.’

ಮೇಜಿನ ಮೇಲೆ ನೇಮಿರಾಜನ ಸ್ಟುಡಿಯೋದ ಡಬ್ಬ
ಹೊಟ್ಟೆ ಬಿಚ್ಚಿ ಮಲಗಿತ್ತು.
ಮದುವೆ ವೀಡಿಯೊ ಬೇಗ ಬೇಯಲಿ ಅಂತ
ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಿದ್ದಾನೆ ಪ್ರೊಸೆಸರನ್ನು.
ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಪರದೆ ಕಪ್ಪಾಗುತ್ತದಂತೆ,
ಮೂರು ಮದುವೆ ಹಾಗೇ ನಿಂತಿವೆ.

ಪಕ್ಕದಲ್ಲಿ ಮೂರು ಕೂಲರ್.
ಡಬ್ಬದ ಜೊತೆಗೇ ಬಂದದ್ದು, ಚಕ್ಕುಲಿಯಷ್ಟು.
ನಡುವಿನದಕ್ಕೆ ಒಂದು ಗೋಪುರ, ಒಂದು ಫ್ಯಾನು, ನಾಲ್ಕು ತಾಮ್ರದ ಕೊಳವೆ,
ಯಾರೋ ಬಳಸಿ ಬಿಟ್ಟದ್ದು.
ಮೂರನೆಯದು ಹೊಸದು, ಜೋಡಿ ಗೋಪುರ, ಒಂದೂಕಾಲು ಕೆಜಿ.
ನಾಮಕರಣದ ಕೂಸಿನ ಹಾಗೆ ಸ್ಪಂಜಿನಲ್ಲಿ ಸುತ್ತಿ ತಂದಿದ್ದ.
ಅದರ ದುಡ್ಡಿಗೆ ನಾನು ಎರಡು ಬೋರ್‌ವೆಲ್ ಮೋಟರ್ ಸುತ್ತಬೇಕು.

ಮಧ್ಯಾಹ್ನ ಎರಡಕ್ಕೆ ಚಕ್ಕುಲಿ: ತೊಂಬತ್ತೇಳು ಡಿಗ್ರಿ.
ರಾತ್ರಿ ಎಂಟಕ್ಕೆ ನಡುವಿನದು: ಎಂಬತ್ತಾರು.
ಹೊಸದಕ್ಕೆ ತಿರುಪು ಸಿಗದೆ, ಆಮೇಲೆ ಕರೆಂಟೂ ಹೋಗಿ,
ಓಡಿಸಿದಾಗ ಬೆಳಗಿನ ಜಾವ ಮೂರೂವರೆ: ಎಂಬತ್ತೊಂದು.
‘ನೋಡಿ, ಕಾಸಿಗೆ ತಕ್ಕ ಕಜ್ಜಾಯ’ ಅಂದ ನೇಮಿರಾಜ.

ಜಬೀನಾ ಮಾತಾಡಲಿಲ್ಲ.
ಗೋಡೆಯ ಥರ್ಮಾಮೀಟರು ಹೇಳಿದ್ದನ್ನು ಪ್ರತಿ ಸಲವೂ
ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು:
ಮೂವತ್ತಾರು. ಇಪ್ಪತ್ತೊಂಬತ್ತು. ಇಪ್ಪತ್ತಮೂರು.
‘ಕೋಣೆಯ ಬಿಸಿ ಕಳೆಯಿರಿ ಮೊದಲು.
ಅದು ಯಾವ ಫ್ಯಾನಿನ ತಪ್ಪೂ ಅಲ್ಲ, ಪುಣ್ಯವೂ ಅಲ್ಲ.’

ಕಳೆದೆವು.
ಅರವತ್ತೊಂದು. ಐವತ್ತೇಳು. ಐವತ್ತೆಂಟು.
ನೇಮಿರಾಜ ಬೆರಳು ಮಡಚಿ ಮತ್ತೊಮ್ಮೆ ಎಣಿಸಿದ.

ನಗಬೇಕೆಂದಿದ್ದೆ. ನೆನಪಾದದ್ದು ನನ್ನ ಮೊದಲ ಮೇಸ್ತ್ರಿ:
ತಗಡಿನ ಕೆಳಗೆ ಕೂತ ನನ್ನನ್ನೂ
ಬೇವಿನ ನೆರಳಲ್ಲಿ ಕೂತ ತನ್ನ ಅಕ್ಕನ ಮಗನನ್ನೂ
ಒಂದೇ ಗಡಿಯಾರದಲ್ಲಿ ಅಳೆದವನು.
ಕಳೆಯುವುದು ಅವನಿಗೆ ಗೊತ್ತಿರಲಿಲ್ಲ.
ಇಪ್ಪತ್ತೆಂಟು ವರ್ಷ, ನನಗೂ.

ಅವಳು ಹೊಸದನ್ನು ಬಿಚ್ಚಿ ತಳ ತೋರಿಸಿದಳು:
ಬೂದು ಪೇಸ್ಟು, ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ.
‘ಎಲೆಗೆ ಸುಣ್ಣ ಹೇಗೆ ಹಚ್ಚುತ್ತೀರಿ ಆಚಾರ್ರೇ?’
ಬೆರಳ ತುದಿಯಲ್ಲಿ ಇಷ್ಟೇ ಇಷ್ಟು,
ಎಲೆಯ ಬೆನ್ನು ಬೆಳ್ಳಗಾಗಬಾರದು, ನಾಲಿಗೆ ಸುಡುತ್ತದೆ.
‘ಹಾಗೆಯೇ.’
ಸ್ಪಿರಿಟ್ಟಿನಲ್ಲಿ ಒರೆಸಿ, ಹೆಸರುಕಾಳಿನಷ್ಟು ಇಟ್ಟು, ಒತ್ತಿ ಕೂರಿಸಿದಳು.
ಈಗ ಐವತ್ತೊಂದು, ಕೋಣೆ ಕಳೆದು.

ಗೆದ್ದಿತು. ಆದರೆ ಡಬ್ಬದ ಬಾಗಿಲು ಮುಚ್ಚುವುದಿಲ್ಲ,
ಗೋಪುರ ಒಂದು ಬೆರಳು ಎತ್ತರ.
ತೆರೆದೇ ಇಡೋಣವೆಂದರೆ ಅವನ ಸ್ಟುಡಿಯೋ ಎದುರಿಗೇ ನಾರಿನ ಮಂಡಿ,
ತೆಂಗಿನ ಧೂಳು ಯಾರನ್ನೂ ಕೇಳಿ ಒಳಗೆ ಬರುವುದಿಲ್ಲ.

ಕಿವಿ ಕೇಳಿದ್ದನ್ನು ನಾನೂ ಹೇಳಿದೆ.
ಚಕ್ಕುಲಿಯದು ಬರೀ ಕಿರುಚಾಟ, ಕೆಲಸಕ್ಕಿಂತ ದೂರು ಜಾಸ್ತಿ.
ಹೊಸದು ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗದು.
ನಡುವಿನದರ ಬೇರಿಂಗ್ ಸವೆದಿದೆ, ಸುತ್ತಿಗೊಂದು ಟಿಕ್.
ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ ಬಿಟ್ಟೆ.
ಟಿಕ್ ನಿಂತಿತು.

ಆಗಲೇ ಗಮನಿಸಿದ್ದು, ಮೂವರಿಗೂ ಬೆವರು.
ಹೊರಗೆ ತಣ್ಣಗಿದೆ, ಥರ್ಮಾಮೀಟರು ಇಪ್ಪತ್ತೇಳಕ್ಕೆ ಏರಿದೆ.
ಡಬ್ಬದಿಂದ ಎತ್ತಿದ್ದನ್ನೆಲ್ಲ
ನಮ್ಮ ಮೇಲೇ ಸುರಿಯುತ್ತಿದ್ದವು ಇವು, ರಾತ್ರಿಯಿಡೀ.
ಜಬೀನಾ ಷಟರ್ ಎತ್ತಿದಳು.
ಗೂಡ್ಸ್ ಗಾಡಿಯೊಂದು ನಿಧಾನಕ್ಕೆ ಹಾದುಹೋಗುತ್ತಿತ್ತು,
ಒಂದೊಂದು ವ್ಯಾಗನ್ನಿಗೂ ಒಂದಿಷ್ಟು ಗಾಳಿ.

ನೇಮಿರಾಜ ನಡುವಿನದನ್ನೇ ಹಾಕಿಸಿಕೊಂಡು ಹೋದ,
ಓಟವನ್ನೂ ಒಂದಿಷ್ಟು ಇಳಿಸಿಕೊಂಡು.
ಹೊಸದು ಮತ್ತೆ ಸ್ಪಂಜಿನೊಳಗೆ.
ಚಕ್ಕುಲಿಯನ್ನು ನನಗೆ ಕೊಟ್ಟಳು, ಸೋಲ್ಡರಿನ ಹೊಗೆ ಎಳೆಯಲು.
ಕಿರುಚುತ್ತದೆ.
ಕಿರುಚಲಿ ಬಿಡಿ, ಅದೂ ಈಗ
ತಗಡಿನ ಕೆಳಗೆ ಕೂತಿದೆ.