ಮೂಗಿನಲ್ಲಿ ಎಳೆದ ಅಕ್ಷರ

ಅತ್-ಬಾಶಿಯ ಹೆರಿಗೆ ಆಸ್ಪತ್ರೆಗೆ ಬಂದ ಪೆಟ್ಟಿಗೆ
ಒಂದು ರೊಟ್ಟಿಯಷ್ಟು ಅಗಲ. ಒಳಗೆ ಫ್ಯಾನಿಲ್ಲ, ಡಿಸ್ಕಿಲ್ಲ,
ನೆನಪು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.
ಮೂವತ್ತೊಂದು ವರ್ಷ ಕೂಸುಗಳನ್ನು ತೂಗಿದ ಕೈಯಲ್ಲಿ
ಕಲೀಮನ್ ಅದನ್ನು ಎತ್ತಿ ನೋಡಿದಳು:
"ಒಂದೂಕಾಲು ಕಿಲೋ. ದಿನ ತುಂಬದೆ ಬಂದಿದೆ."

ಎರ್ಮೆಕ್ ನಗಲಿಲ್ಲ. ಬೆರಳು ಇನ್ನೂ ಮರಗಟ್ಟಿತ್ತು;
ದೊಲೊನ್ ಕಣಿವೆ ದಾಟಿ ಬಂದ ವ್ಯಾನಿನಲ್ಲಿ
ಹೀಟರು ಡ್ರೈವರನ ಕಾಲಿಗೆ ಮಾತ್ರ.
"ಇದರಲ್ಲಿ ಏನೂ ಇರಬಾರದು ಅಕ್ಕ. ಎಲ್ಲ ಬಿಷ್ಕೆಕ್‌ನಲ್ಲಿದೆ.
ಇದು ಬರೀ ಕಿಟಕಿ."
"ಕಿಟಕಿ ನನ್ನ ಹತ್ತಿರವೂ ಇದೆ," ಅಂದಳು,
"ಆಚೆ ಕುದುರೆ ಕಾಣುತ್ತದೆ."

ಸರ್ವರಿನ ವಿಳಾಸ. ಬಳಕೆದಾರರ ಹೆಸರು.
ಬಣ್ಣ: ಹದಿನಾರು ಬಿಟ್ ಸಾಕು, ಲೈನು ಬಡವರದ್ದು.
ಹಿನ್ನೆಲೆಯ ಚಿತ್ರ: ಬೇಡ.
ಸದ್ದು ಎಲ್ಲಿ ಕೇಳಬೇಕು, ಇಲ್ಲೋ ಅಲ್ಲೋ?
ಒಳಕೋಣೆಯಲ್ಲಿ ಆಗ ಯಾರೋ ಕೂಗಿದರು.
ಕಲೀಮನ್ ಎದ್ದುಹೋದಳು. ಎರ್ಮೆಕ್ "ಇಲ್ಲಿ" ಅಂತ ಒತ್ತಿದ.

ಅವಳು ಕೈ ಒರೆಸುತ್ತ ಬಂದಾಗ ಪರದೆ ಕೇಳುತ್ತಿತ್ತು:
ಆ ಕಡೆಯ ಯಂತ್ರದ ಗುರುತು ಖಚಿತವಿಲ್ಲ,
ಆದರೂ ಸಂಬಂಧ ಮುಂದುವರಿಸುವಿರಾ?
"ನನ್ನ ಮದುವೆಯಲ್ಲೂ ಯಾರಾದರೂ ಹೀಗೆ ಕೇಳಬೇಕಿತ್ತು,"
ಅಂದಳು ಮುದುಕಿ. ಆಮೇಲೆ ತಾನೇ "ಹೌದು" ಒತ್ತಿದಳು.

ಮೊದಲ ಹೆಸರು, ಇವತ್ತು ನಸುಕಿನ ಐದೂಮುಕ್ಕಾಲರದ್ದು:
ತಙ್‌ಸುಲೂ.
ಪರದೆ ಬರೆದದ್ದು: ತನ್‌ಸುಲೂ.
"ಅಳಿಸು," ಅಂದಳು ಕಲೀಮನ್, ತಣ್ಣಗೆ.

ಙ. ನಮ್ಮಲ್ಲೂ ಇದೆ ಅದು.
ಕ ಖ ಗ ಘ ಆದಮೇಲೆ ಮೂಗಿನಲ್ಲಿ ಎಳೆದು,
ಮೇಷ್ಟರಿಗೊಪ್ಪಿಸಿ, ಜನ್ಮಕ್ಕೆ ಮರೆತುಬಿಡುವ ಅಕ್ಷರ.
ಅವರಿಗೆ ಮರೆಯುವ ಹಾಗಿಲ್ಲ.
ತಙ್ ಅಂದರೆ ಬೆಳಗಿನ ಜಾವ,
ತನ್ ಅಂದರೆ ನನ್ನದಲ್ಲ ಅಂತ ತಳ್ಳಿಬಿಡುವುದು.
ಹುಟ್ಟಿ ಐದು ಗಂಟೆಯಾಗಿಲ್ಲ ಕೂಸಿಗೆ.

ಎರ್ಮೆಕ್ ಕೀಬೋರ್ಡುಗಳ ಪಟ್ಟಿ ಇಳಿದ:
ರಷ್ಯನ್ ಮೇಲೆಯೇ ಕೂತಿತ್ತು, ಕೇಳದೆಯೇ ಬಂದು.
ಜರ್ಮನ್ನಿನಲ್ಲೇ ಮೂರು ಬಗೆ. ಕಜಖ್, ಕೊರಿಯನ್,
ಅದರ ಬುಡದಲ್ಲಿ ಕಿರ್ಗಿಜ್, ಕೊನೆಗೆ ಬಂದ ನೆಂಟನ ಹಾಗೆ.
ಆರಿಸಿದ. ಸರಿ ಅಂದ. ಪೆಟ್ಟಿಗೆ ಆರಿಸಿ ಹಚ್ಚಿದ.

ಎಲ್ಲ ಹೋಗಿತ್ತು.
ವಿಳಾಸ, ಬಣ್ಣ, ಸದ್ದು, ಭಾಷೆ;
ತೊಳೆದಿಟ್ಟ ಬಟ್ಟಲಿನ ಹಾಗೆ ಪರದೆ.
ಪ್ರತಿ ಸಲ ಹೊಸದಾಗಿ ಹುಟ್ಟುವಂತೆ
ಕಾರ್ಖಾನೆಯಲ್ಲಿ ಯಾರೋ ಬೀಗ ಹಾಕಿದ್ದರು;
ಅದನ್ನು ತೆಗೆಯದೆ ಬರೆದದ್ದೆಲ್ಲ ಮಂಜಿನ ಮೇಲೆ.
ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದ.
ತಲೆ ಮೇಲೆ ಕೈಯಿಟ್ಟು ಕೂತ.

ಕಲೀಮನ್ ಚಹಾ ಬಗ್ಗಿಸಿದಳು, ಬಟ್ಟಲಿನ ಅರ್ಧದವರೆಗೆ,
ಪೂರ್ತಿ ತುಂಬಿಸಿದರೆ ಅತಿಥಿಗೆ ಎದ್ದು ಹೋಗು ಅಂದ ಹಾಗೆ.
ಆಮೇಲೆ ತನ್ನ ಹೆರಿಗೆ ದಫ್ತರ ಬಿಚ್ಚಿದಳು.
ಅಂಚಿನಲ್ಲಿ, ತಾಯಂದಿರ ತೂಕದ ಪಕ್ಕ,
ಪೆನ್ಸಿಲಿನಲ್ಲಿ ಇತ್ತು ಅಷ್ಟೂ: ವಿಳಾಸದ ನಾಲ್ಕು ಅಂಕಿಗುಂಪು,
ಹದಿನಾರು, ಚಿತ್ರ ಬೇಡ, ಸದ್ದು ಇಲ್ಲಿ,
ಕೊರಿಯನ್ ಆದಮೇಲಿನದು.
"ಓದುತ್ತೇನೆ," ಅಂದಳು. "ನೀನು ಒತ್ತು. ಮೊದಲು ಆ ಬೀಗ ತೆಗಿ."

ಮೂರು ಗಂಟೆಗೆ ಸುದ್ದಿ ಬಂತು, ಕಣಿವೆ ಮುಚ್ಚಿದೆ ಅಂತ.
ವ್ಯಾನಿಲ್ಲ. ನಾಳೆಯೂ ಅನುಮಾನ.
ಬಲಗಡೆಯ ಆಲ್ಟ್ ಹಿಡಿದು ಅವಳು ನ ಒತ್ತಿದಳು.
ಒಂದು ಉಸಿರಿನಷ್ಟು ಏನೂ ಇಲ್ಲ.
ಹಿಮದಡಿ ಹೂತ ತಂತಿಯಲ್ಲಿ ಬಿಷ್ಕೆಕ್‌ಗೆ ಹೋಗಿ,
ಅಲ್ಲಿ ತನ್ನ ಹೆಸರು ಹೇಳಿ, ಅದೇ ಕಣಿವೆ ದಾಟಿ
ವಾಪಸು ಬಂತು ಙ,
ಬಾಲ ಅಲ್ಲಾಡಿಸುತ್ತ.

ಎರ್ಮೆಕ್ ಆ ರಾತ್ರಿ ಅಲ್ಲೇ ಮಲಗಿದ,
ಒಲೆಯ ಪಕ್ಕದ ಬೆಂಚಿನ ಮೇಲೆ, ಬೂಟು ಬಿಚ್ಚದೆ.
ಕಲೀಮನ್ ದಫ್ತರದಲ್ಲೂ ಹೆಸರು ಬರೆದಳು, ಶಾಯಿಯಲ್ಲಿ.
ಕೇಳಿದರೆ ಅವಳೇನೂ ಹೇಳುತ್ತಿರಲಿಲ್ಲ.
ಅವನೂ ಕೇಳಲಿಲ್ಲ.