ಅಡುಗೆಮನೆಯ ಬಾಗಿಲು

ಹದಿನಾಲ್ಕು ವರ್ಷ ಆಸ್ಪತ್ರೆಯಲ್ಲಿ
ಸ್ಟ್ರೋಕ್ ಆದವರಿಗೆ ಚಮಚ ಹಿಡಿಯಲು,
ಅಂಗಿಗೆ ಗುಂಡಿ ಹಾಕಲು ಕಲಿಸಿದೆ.
ಈಗ ಡಂಡೀಯಲ್ಲಿ, ಜೈಲಿನಿಂದ ಬಿಟ್ಟವರ ವಸತಿಯಲ್ಲಿ
ಥೆರಪಿಸ್ಟ್ ಅಂದರೆ
ಕಾಗದಕ್ಕೆ ಸಹಿ ಹಾಕುವವಳು ಅಂದುಕೊಂಡಿದ್ದಾರೆ.

ಗುರುವಾರ ಗುರುವಾರ ಎಲ್ಸ್‌ಪೆತ್ ಫೋನು.
ಅವರು ಈ ದಾರಿ ಹಿಡಿದಾಗ
ಕೇಳೋಣವೆಂದರೆ ಯಾರೂ ಇರಲಿಲ್ಲವಂತೆ.

"ಹ್ಯಾಮಿಷ್‌ನ ಬೆರಳು ಚುರುಕು, ಹಿಡಿತ ಗಟ್ಟಿ.
ಅಳೆದು ನೋಡಿದೆ, ಎಲ್ಲ ಸರಿ.
ಆದರೆ ಅಡುಗೆಮನೆ ಬಾಗಿಲಿಗೆ ಬಂದು
ನಿಂತುಬಿಡುತ್ತಾನೆ. ಮುಟ್ಟುವುದಿಲ್ಲ.
ಇಪ್ಪತ್ತೆರಡು ವರ್ಷ ಬೇರೆಯವರೇ ತೆಗೆದದ್ದು.
ಯಾವ ಪುಸ್ತಕದಲ್ಲಿದೆ ಇದು?"

ಆ ಕಡೆ ಕೆಟಲ್ ಕುದಿಯುವ ಸದ್ದು.
"ನೀನೇನು ಮಾಡಿದೆ?"
"ತೆಗೆದೆ."
"ಹ್ಞೂಂ."
ಅಷ್ಟೇ. ಉತ್ತರ ಹೇಳಲಿಲ್ಲ, ಬೈಯಲೂ ಇಲ್ಲ.
ಟೇ ನದಿಯ ಸೇತುವೆಯನ್ನು ರೈಲೊಂದು ದಾಟಿ ಮುಗಿಸುವಷ್ಟು ಹೊತ್ತು
ಸುಮ್ಮನಿದ್ದರು.
ನನಗೆ ಸಿಟ್ಟು ಬಂತು.

ಶುಕ್ರವಾರ ಅವನು ಬಂದು ನಿಂತ.
ನಾನೂ ನಿಂತೆ, ಕೈ ಕಿಸೆಯಲ್ಲಿ.
ಒಳಗೆ ಯಾರದೋ ಟೋಸ್ಟು ಸೀಯುತ್ತಿತ್ತು.
"ಯಾರೂ ಇಲ್ವಾ?" ಅಂದ ಬಾಗಿಲಿಗೆ.

"ಇದ್ದೀವಲ್ಲ," ಅಂದೆ.
ಕಿಸೆಯೊಳಗೆ
ಅಂಗೈ ಬೆವರುತ್ತಿತ್ತು.